ಕೊಡದೆ ತೆಗೆದುಕೊಂಡ ಮಾಹಿತಿ



ಎರಡನೇ ಶೀಲವನ್ನು ನಾವು ‘ಕಳ್ಳತನ ಮಾಡುವುದಿಲ್ಲ’ ಎಂದು ಸುಲಭ ಮಾಡಿಕೊಂಡಿದ್ದೇವೆ. ಪಾಲಿಯಲ್ಲಿರುವ ಪದ ‘ಅದಿನ್ನ’, ಅಂದರೆ ಕೊಡದಿರುವುದು. ಕನ್ನಡ ಪಾಠ ಮಾಡುವ ನನಗೆ ಈ ವ್ಯತ್ಯಾಸ ಸಣ್ಣದಲ್ಲ. ಮನೋವೈದ್ಯರು, ಆಪ್ತಸಮಾಲೋಚಕರು ತಮ್ಮ ಬಳಿ ಬಂದವರ ಹೆಸರನ್ನು ಗೂಗಲ್‌ನಲ್ಲೋ ಫೇಸ್‌ಬುಕ್‌ನಲ್ಲೋ ಹುಡುಕಿದರೆ ಅದು ಕಳ್ಳತನವಲ್ಲ. ಅಲ್ಲಿರುವುದನ್ನು ಯಾರು ಬೇಕಾದರೂ ನೋಡಬಹುದು. ಆದರೆ ಬಂದವರು ಅದನ್ನು ಕೊಟ್ಟಿದ್ದರೇ?

ನಮ್ಮ ಜನರ ವಿಷಯದಲ್ಲಿ ಯೋಚಿಸಿ. ಒಬ್ಬ ಹುಡುಗಿ ನಿದ್ದೆ ಬರುತ್ತಿಲ್ಲ ಎಂದು ಹೋಗುತ್ತಾಳೆ ಎನ್ನೋಣ. ಜಾತಿ ಹೇಳಿಲ್ಲ. ಮೂರನೇ ಭೇಟಿಯಲ್ಲಿ ಹೇಳಬಹುದು, ಹೇಳದೆಯೂ ಇರಬಹುದು. ವೈದ್ಯರು ಅವಳ ಹೆಸರು ಟೈಪ್ ಮಾಡಿದರೆ ಯಾವುದೋ ನೇಮಕಾತಿಯ ಆಯ್ಕೆಪಟ್ಟಿ ತೆರೆದುಕೊಳ್ಳುತ್ತದೆ. ಹೆಸರಿನ ಪಕ್ಕದ ಕಾಲಂನಲ್ಲಿ ‘ಎಸ್‌ಸಿ’. ಮುಂದಿನ ವಾರ ಎದುರುಬದುರು ಕೂತಾಗ ವೈದ್ಯರಿಗೆ ಗೊತ್ತು. ಅವರಿಗೆ ಗೊತ್ತಾಗಿದೆ ಎಂಬುದು ಅವಳಿಗೆ ಗೊತ್ತಿಲ್ಲ. ಬಾಡಿಗೆ ಮನೆಗಾಗಿ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1917ರಲ್ಲಿ ಬರೋಡಾದಲ್ಲಿ ಬಾಬಾಸಾಹೇಬರು ಪಾರ್ಸಿ ಹೆಸರು ಬರೆಸಿ ಪಾರ್ಸಿ ವಸತಿಗೃಹದಲ್ಲಿ ಉಳಿದಿದ್ದರು; ಹನ್ನೊಂದನೇ ದಿನ ಜನ ದೊಣ್ಣೆ ಹಿಡಿದು ಬಂದರು. ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಎಂಬುದು ನಮಗೆ ಶೋಕಿಯ ಪ್ರಶ್ನೆಯಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ, ಚಿಕಿತ್ಸೆಯಲ್ಲಿ ತಿಳಿದದ್ದನ್ನು ಗೋಪ್ಯವಾಗಿಡಬೇಕು ಎನ್ನುತ್ತದೆ. ಅದು ಹೊರಗೆ ಹೇಳುವ ಬಾಯಿಗೆ ಹಾಕಿದ ಕಟ್ಟು, ಹುಡುಕುವ ಕೈಗಲ್ಲ. ‘ಒಳ್ಳೆಯದಕ್ಕೇ ನೋಡಿದೆ’ ಎಂದು ವೈದ್ಯರು ಹೇಳಬಹುದು, ಎಷ್ಟೋ ಸಲ ಅದು ನಿಜವೂ ಹೌದು. ಅಮೆರಿಕದ ಮೂವರು ತಜ್ಞರು 2010ರಲ್ಲೇ ಈ ಬಗ್ಗೆ ಲೇಖನ ಬರೆದು, ಹುಡುಕುವ ಮೊದಲು ಕೆಲವು ಪ್ರಶ್ನೆ ಹಾಕಿಕೊಳ್ಳಿ ಎಂದರು: ಯಾಕೆ ಹುಡುಕುತ್ತಿದ್ದೇನೆ? ಚಿಕಿತ್ಸೆಗೆ ನೆರವಾಗುತ್ತದೆಯೇ? ಒಪ್ಪಿಗೆ ಕೇಳಬೇಕೇ? ಸಿಕ್ಕಿದ್ದನ್ನು ಅವರಿಗೆ ಹೇಳುತ್ತೇನೆಯೇ? ನನ್ನ ಮಟ್ಟಿಗೆ ಕೊನೆಯದೊಂದೇ ಸಾಕು. ಹೇಳಲು ಮುಜುಗರವಾಗುವ ಹುಡುಕಾಟ ಕುತೂಹಲದ್ದೇ ಹೊರತು ಕರುಣೆಯದ್ದಲ್ಲ.

ಹಾಗಾದರೆ ಎಂದೂ ಹುಡುಕಬಾರದೇ? ಸಾಯುವ ಮಾತಾಡಿ ಹೋದವರು ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ ಎಂದರೆ ಹುಡುಕಲಿ, ತಡಮಾಡದೆ ಹುಡುಕಲಿ. ಆ ವ್ಯಕ್ತಿ ಮತ್ತೆ ಬಂದು ಕೂತಾಗ ‘ನಿಮ್ಮನ್ನು ಹೀಗೆ ಹುಡುಕಿದೆ, ಇದು ಕಣ್ಣಿಗೆ ಬಿತ್ತು’ ಎಂದು ಹೇಳಿ, ಅವರ ಫೈಲಿನಲ್ಲೂ ಬರೆದಿಡಲಿ.