ಹೆಸರು ಬರೆದ ಮೇಲೆ



ಕ್ರಿಸ್ತಜಯಂತಿ ಹತ್ತಿರವಾದಂತೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮ್ಮ ಮನೆಗಳಲ್ಲಿ ಗೋದಲಿ ಸಿದ್ಧವಾಗುತ್ತದೆ. ಬೆತ್ಲೆಹೇಮಿನ ಕೊಟ್ಟಿಗೆಗೆ ನಾವು ಹುಲ್ಲಿನ ಮಾಡು ಹೊದೆಸುತ್ತೇವೆ, ಮೊಳಕೆಯೊಡೆದ ಭತ್ತದಿಂದ ಗದ್ದೆ ಮಾಡುತ್ತೇವೆ. ಪಕ್ಕದಲ್ಲಿ ಗಂಗೊಳ್ಳಿಯ ದೋಣಿಯೊಂದನ್ನು ಇಟ್ಟರೂ ಯಾರೂ ತಪ್ಪೆನ್ನುವುದಿಲ್ಲ. ಹೀಗಿರುವಾಗ ಪ್ಲಾಸ್ಟಿಕ್ ಟ್ಯಾಂಕೊಂದರ ಫಿರಂಗಿ ಸರಿಯಿಲ್ಲವೆಂದು ಹುಡುಗನೊಬ್ಬನನ್ನು ತಡೆಯುವುದು ನ್ಯಾಯವೇ? ಈ ಪ್ರಶ್ನೆ ನಮ್ಮ ಮನೆಯಲ್ಲೇ ಎದ್ದಿತು.

ನನ್ನ ತಂಗಿಯ ಮಗ ಒಂಬತ್ತನೇ ತರಗತಿಯಲ್ಲಿದ್ದಾನೆ. ಕುವೈತಿನಲ್ಲಿ ದುಡಿಯುವ ಅವನ ತಂದೆ, ಬಿಡಿಭಾಗಗಳನ್ನು ಅಂಟಿಸಿ ಜೋಡಿಸುವ ಟಿ-55 ಯುದ್ಧ ಟ್ಯಾಂಕಿನ ಕಿಟ್ ತಂದುಕೊಟ್ಟಿದ್ದರು. ಅಳತೆ 35ಕ್ಕೆ 1. ನಿಜವಾದ ಟ್ಯಾಂಕಿನ ಒಡಲು ಸುಮಾರು 6.45 ಮೀಟರ್ ಉದ್ದ. ಮಾದರಿಯಲ್ಲಿ ಅದು 18 ಸೆಂಟಿಮೀಟರಿಗಿಂತ ತುಸು ಹೆಚ್ಚು. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಅಲ್ಲಿ ಮೂರೂವರೆ ಸೆಂಟಿಮೀಟರ್ ತಪ್ಪಿದಂತೆ.

ಹುಡುಗ ತಾಳ್ಮೆಯಿಂದ ದುಡಿದ. ಅಚ್ಚಿನ ಗೆರೆಗಳನ್ನು ಮರಳುಕಾಗದದಿಂದ ಉಜ್ಜಿದ. ದಪ್ಪನಾಗಿದ್ದ ಪ್ಲಾಸ್ಟಿಕ್ ಹಿಡಿಗಳನ್ನು ಕತ್ತರಿಸಿ, ಹಳೆಯ ವಿದ್ಯುತ್ ವಯರಿನೊಳಗಿನ ತಾಮ್ರದ ಎಳೆಯನ್ನು ಬಗ್ಗಿಸಿ ಕೂರಿಸಿದ. ಈ ಟ್ಯಾಂಕಿನ ಸರಪಳಿ ಪಟ್ಟಿಯನ್ನು ಮೇಲ್ಭಾಗದಲ್ಲಿ ಎತ್ತಿ ಹಿಡಿಯುವ ಚಿಕ್ಕ ಗಾಲಿಗಳಿಲ್ಲ. ಆದ್ದರಿಂದ ಅದು ಜೋತು ದೊಡ್ಡ ಗಾಲಿಗಳ ಮೇಲೆ ಒರಗುತ್ತದೆ. ಕಿಟ್ಟಿನ ಪಟ್ಟಿ ಬಿಗಿಯಾಗಿ ನಿಂತಿತ್ತು. ಅದನ್ನೂ ಅಂಟು ಹಾಕಿ ಗಾಲಿಗಳ ಮೇಲೆ ಕೂರಿಸಿದ. ಕೊನೆಗೆ ಶಾಲೆಯ ಪ್ರದರ್ಶನಕ್ಕಾಗಿ ರಟ್ಟಿನ ಮೇಲೆ ಬರೆದ: "ಭಾರತೀಯ ಸೇನೆಯ ಟಿ-55, 1971."

ತೊಡಕು ಬಂದದ್ದು ಇಲ್ಲಿ. ಗುಂಡು ಹಾರಿದ ಮೇಲೆ ಹೊಗೆ ಟ್ಯಾಂಕಿನ ಒಳಗೆ ನುಗ್ಗದಂತೆ ಫಿರಂಗಿಯ ನಳಿಕೆಗೆ ದಪ್ಪ ಬಳೆಯಂಥ ಒಂದು ಭಾಗವಿರುತ್ತದೆ. ಟಿ-55ರಲ್ಲಿ ಅದು ನಳಿಕೆಯ ತುದಿಯಲ್ಲಿದೆ. 1971ರ ಯುದ್ಧದಲ್ಲಿ ಪಾಕಿಸ್ತಾನದ ಬಳಿ ಚೀನಾದ ಟೈಪ್ 59 ಟ್ಯಾಂಕುಗಳಿದ್ದವು. ಅವು ಸೋವಿಯತ್ ಟಿ-54ರ ಮಾದರಿಯಲ್ಲೇ ತಯಾರಾದವು. ದೂರದಿಂದ ನೋಡಿದರೆ ಎರಡೂ ಕಡೆಯವು ಒಂದೇ ತರಹ. ನಮ್ಮವರ ಗುಂಡು ನಮ್ಮವರಿಗೇ ತಗಲುವ ಅಪಾಯವಿತ್ತು. ಆದ್ದರಿಂದ ನಮ್ಮ ಸೇನೆಯು ಗುರುತಿಗಾಗಿ ತನ್ನ ಟ್ಯಾಂಕುಗಳ ನಳಿಕೆಯ ನಡುಭಾಗಕ್ಕೆ ಇನ್ನೊಂದು ಹುಸಿ ಬಳೆಯನ್ನು ತೊಡಿಸಿತು. ಅದರಿಂದ ಹೊಗೆ ಹೋಗುತ್ತಿರಲಿಲ್ಲ, ಪ್ರಾಣ ಉಳಿಯುತ್ತಿತ್ತು.

ಹುಡುಗನ ಟ್ಯಾಂಕಿನಲ್ಲಿ ಆ ಬಳೆ ಇರಲಿಲ್ಲ. ಬಣ್ಣವೂ ಒಣಗಿತ್ತು. ಪ್ರದರ್ಶನಕ್ಕೆ ಎರಡೇ ದಿನ. "ಯಾರಿಗ್ ಗೊತ್ತಾತ್ತ್, ಮಾಮ?" ಎಂದ.

ನಾವೆಲ್ಲರೂ ಒಂದಲ್ಲ ಒಂದು ದಿನ ಆಡಿದ ಮಾತು ಇದು. ಅವನನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. "ನಿನ್ನ ಮುಂದೆ ಎರಡು ದಾರಿ ಇವೆ. ಬಳೆ ಹಾಕು, ಇಲ್ಲವೇ ರಟ್ಟಿನಲ್ಲಿ ಬರೀ 'ಟಿ-55ರ ಮಾದರಿ' ಎಂದು ಬರೆ. ಎರಡೂ ಪ್ರಾಮಾಣಿಕ" ಎಂದೆ.

ಗೋದಲಿಗೂ ಟ್ಯಾಂಕಿಗೂ ಇರುವ ವ್ಯತ್ಯಾಸ ಇದೇ. ಬೆತ್ಲೆಹೇಮಿನ ಕೊಟ್ಟಿಗೆ ಹೀಗೇ ಇತ್ತೆಂದು ಗೋದಲಿ ಸಾಧಿಸುವುದಿಲ್ಲ. ಯೇಸುಕಂದ ನಮ್ಮ ಮನೆಗೂ ಬಂದನೆಂದು ಹೇಳುತ್ತದೆ. ಆ ಮಾತಿಗೆ ತೆಂಗಿನ ಮರವೂ ದೋಣಿಯೂ ಸಾಕ್ಷಿ. ಆದರೆ "1971" ಎಂದು ಬರೆದವನು ಮಾತು ಕೊಟ್ಟಿದ್ದಾನೆ. ಒಳಗೆ ಕುಳಿತಿದ್ದ ನಾಲ್ವರು ಸೈನಿಕರ ಭಯವೂ ಎಚ್ಚರಿಕೆಯೂ ಆ ಬಳೆಯಲ್ಲಿದೆ. ಅದನ್ನು ಬಿಟ್ಟು ವರ್ಷವನ್ನು ಮಾತ್ರ ಬರೆದುಕೊಂಡರೆ, ಅವರ ಹೆಸರಿನಲ್ಲಿ ನಾವು ಮೆಚ್ಚುಗೆ ಪಡೆದಂತೆ.

ಇದು ಅತಿಯಾಯಿತು ಎನ್ನುವಿರಾ? ಅತಿಯೂ ಇದೆ, ನಿಜ. 100 ಮಿಲಿಮೀಟರ್ ಫಿರಂಗಿಯ ಬಾಯಿ ಈ ಅಳತೆಯಲ್ಲಿ 2.86 ಮಿಲಿಮೀಟರ್ ಆಗಬೇಕು. ಕಿಟ್ಟಿನಲ್ಲಿ ಅದು 3 ಇದ್ದರೆ ನಿದ್ದೆಗೆಡಬೇಕಿಲ್ಲ. ಅದರಿಂದ ಯಾರೂ ಮೋಸ ಹೋಗುವುದಿಲ್ಲ. ಕೂದಲು ಸೀಳುವ ಮನಸ್ಸಾಕ್ಷಿಯೂ ಒಂದು ರೋಗವೇ. ಕೇಳಬೇಕಾದ ಪ್ರಶ್ನೆ ಒಂದೇ: ನಾನು ಆಡಿದ ಮಾತನ್ನು ಈ ತಪ್ಪು ಸುಳ್ಳಾಗಿಸುತ್ತದೆಯೇ?

ಮದುವೆಯ ಮಾತುಕತೆಯಲ್ಲಿ ಹುಡುಗನ ಕೆಲಸವನ್ನು ಒಂದು ಮೆಟ್ಟಿಲು ಏರಿಸಿ ಹೇಳುತ್ತೇವೆ. ನಿನ್ನೆಯ ಮೀನನ್ನು ಇಂದಿನದೆಂದು ಮಾರುತ್ತೇವೆ. ಎಲ್ಲೆಡೆ ನಮ್ಮ ಸಮಾಧಾನ ಅದೇ, ಯಾರಿಗೆ ಗೊತ್ತಾಗುತ್ತದೆ? ಕೆಲಸವನ್ನು ಮಾತಿನ ಮಟ್ಟಕ್ಕೆ ಏರಿಸಲು ಆಗದಿದ್ದರೆ ಮಾತನ್ನು ಕೆಲಸದ ಮಟ್ಟಕ್ಕೆ ಇಳಿಸಬಹುದು. ಅದರಲ್ಲಿ ಅವಮಾನವಿಲ್ಲ. ಆದರೂ ನಮಗೆ ಅದೇ ಹೆಚ್ಚು ಕಷ್ಟ.

ಹುಡುಗ ರಾತ್ರಿ ಕುಳಿತು ತೆಳು ಪ್ಲಾಸ್ಟಿಕ್ ಹಾಳೆಯ ಪಟ್ಟಿಯನ್ನು ನಳಿಕೆಯ ನಡುವೆ ಸುತ್ತಿ ಅಂಟಿಸಿದ. "ಸುಳ್ಳು ಬಳೆ ಹಾಕಿದ ಮೇಲೆ ಇದು ನಿಜವಾಯಿತು, ಅಲ್ವಾ ಮಾಮ?" ಎಂದು ನಕ್ಕ. ಚಂದಕ್ಕಾಗಿ ಒಂದು ರೆಜಿಮೆಂಟಿನ ಹೆಸರನ್ನೂ ರಟ್ಟಿನಲ್ಲಿ ಸೇರಿಸಬೇಕೆಂದಿದ್ದ. ಅದಕ್ಕೆ ಆಧಾರ ಸಿಗಲಿಲ್ಲವೆಂದು ತಾನಾಗಿಯೇ ಬಿಟ್ಟ. ನಾನು ಏನೂ ಹೇಳಿರಲಿಲ್ಲ.

ತಂದೆತಾಯಂದಿರೇ, ನಿಮ್ಮ ಮಕ್ಕಳು ಏನನ್ನಾದರೂ ಮಾಡಿ ತಂದು ತೋರಿಸಿದಾಗ "ಚಂದ ಉಂಟು" ಎಂದು ಹೊಗಳಿರಿ. ಜೊತೆಗೆ "ಇದಕ್ಕೆ ಏನೆಂದು ಹೆಸರಿಡುತ್ತೀ?" ಎಂದೂ ಒಮ್ಮೆ ಕೇಳಿರಿ.