ಎಲ್ಲರ ಕಟ್ಟಡ, ಯಾರ ಮ್ಯಾನೇಜರ್?

ಅಪಾರ್ಟ್‌ಮೆಂಟಿನ ಮ್ಯಾನೇಜರನ ಬಗ್ಗೆ ನಮ್ಮಂಥವರು ಬರೆಯುವುದೇನಿದೆ ಎಂದು ಗೆಳೆಯರು ಕೇಳಬಹುದು. ಅಲ್ಲಿ ನಮ್ಮದು ಅಂತ ಒಂದು ಮನೆಯೂ ಇಲ್ಲ. ಆದರೆ ನಮ್ಮ ಜನ ಅಲ್ಲಿದ್ದಾರೆ. ಗೇಟು ಕಾಯುವವರು, ಮೆಟ್ಟಿಲು ಒರೆಸುವವರು, ಹಸಿ ಕಸ ಒಣ ಕಸ ಬೇರೆ ಮಾಡುವವರು, ಕಕ್ಕಸಿನ ನೀರು ಹೋಗಿ ಸೇರುವ ಗುಂಡಿಯ ಮುಚ್ಚಳ ತೆಗೆಯುವವರು ಬಹುಪಾಲು ನಮ್ಮ ಕೇರಿಗಳಿಂದ ಹೋದವರೇ. ಈಗೀಗ ಅವರ ಹಾಜರಿ ಬರೆಯುವ ಕುರ್ಚಿಯಲ್ಲೂ ನಮ್ಮ ಹುಡುಗರು ಕೂತಿದ್ದಾರೆ. ಬಿ.ಕಾಂ. ಓದಿ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸೋತು, ಕೊನೆಗೆ ಬೆಂಗಳೂರಿನ ಯಾವುದೋ ಕಟ್ಟಡದ ನೆಲಮಾಳಿಗೆಯ ಆಫೀಸಿನಲ್ಲಿ 'ಮ್ಯಾನೇಜರ್' ಎಂಬ ಬೋರ್ಡಿನ ಹಿಂದೆ ಕೂತಿದ್ದಾರೆ. ಆದ್ದರಿಂದ ಇದು ನಮ್ಮ ಪ್ರಶ್ನೆ.

ಮೊದಲು ಈ ಕೆಲಸ ಏನು ಅಂತ ನೋಡೋಣ. ನೂರು ಮನೆಗಳ ಒಂದು ಕಟ್ಟಡ. ಮನೆಗೊಬ್ಬ ಒಡೆಯ. ಆದರೆ ಮೆಟ್ಟಿಲು, ಲಿಫ್ಟು, ನೀರಿನ ತೊಟ್ಟಿ, ಮೋಟಾರು, ಅಂಗಳ, ಕೊಳಚೆ ಗುಂಡಿ ಯಾರೊಬ್ಬರದೂ ಅಲ್ಲ, ಎಲ್ಲರದು. ಹೀಗೆ ಎಲ್ಲರದಾದುದನ್ನು ನೋಡಿಕೊಳ್ಳುವುದು ಹೇಗೆ ಎಂಬುದಕ್ಕೆ 1972ರಲ್ಲಿ ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ಬಂತು. ಒಡೆಯರು ತಮ್ಮೊಳಗೇ ಒಂದು ಮಂಡಳಿಯನ್ನು ಆರಿಸಿಕೊಳ್ಳಬೇಕು. ಬೈಲಾದಲ್ಲಿ ಅವಕಾಶವಿದ್ದರೆ ಮಂಡಳಿ ಒಬ್ಬ ಮ್ಯಾನೇಜರನ್ನು ಇಟ್ಟುಕೊಂಡು ತನ್ನ ಅಧಿಕಾರದಲ್ಲಿ ಒಂದಿಷ್ಟನ್ನು ಅವನಿಗೆ ಒಪ್ಪಿಸಬಹುದು. ಅವನು ಮೇಂಟೆನೆನ್ಸ್ ಹಣ ವಸೂಲಿ ಮಾಡುತ್ತಾನೆ, ಲೆಕ್ಕ ಇಡುತ್ತಾನೆ, ಟ್ಯಾಂಕರು ತರಿಸುತ್ತಾನೆ, ಕೆಲಸದವರನ್ನು ದುಡಿಸುತ್ತಾನೆ. ಅವನ ಕೈಯಲ್ಲಿರುವ ಅಧಿಕಾರ ಅವನದಲ್ಲ, ಎರವಲು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಥದೇ ಕಾನೂನು 1961ರಲ್ಲಿ ಬಂದಿತ್ತು. ಅಲ್ಲಿ ಈ ಬಗೆಯ ಒಡೆತನಕ್ಕೆ 'ಸ್ಟ್ರಾಟಾ' ಎನ್ನುತ್ತಾರೆ, ನೋಡಿಕೊಳ್ಳುವವನು ಸ್ಟ್ರಾಟಾ ಮ್ಯಾನೇಜರ್. ಸ್ಟ್ರಾಟಾ ಅಂದರೆ ಸ್ತರಗಳು. ಅವರು ಹೇಳಿದ್ದು ಒಂದರ ಮೇಲೊಂದು ಕೂತ ಅಂತಸ್ತುಗಳನ್ನು ಕುರಿತು. ನಮ್ಮ ದೇಶದಲ್ಲಿ ಸ್ತರ ಅಂದ ಕೂಡಲೇ ನೆನಪಾಗುವುದು ಒಬ್ಬರ ಮೇಲೊಬ್ಬರು ಕೂತ ಮನುಷ್ಯರು. ನಮ್ಮ ಮ್ಯಾನೇಜರ್ ಎರಡನ್ನೂ ನಿಭಾಯಿಸಬೇಕು.

ಅವನ ಕಟ್ಟಡದಲ್ಲಿ 'ಎಲ್ಲರದು' ಎಂಬ ಮಾತಿದೆಯಲ್ಲ, ಆ 'ಎಲ್ಲರು' ಯಾರು? ಊರ ಕೆರೆಯೂ ಎಲ್ಲರದಾಗಿತ್ತು, ಊರ ಬಾವಿಯೂ ಎಲ್ಲರದಾಗಿತ್ತು. ಹೂಳೆತ್ತುವಾಗ ನಾವು ಬೇಕಾಗಿದ್ದೆವು, ನೀರು ಸೇದುವಾಗ ಬೇಡವಾಗಿದ್ದೆವು. ಮಹಾಡದ ಚೌದಾರ್ ಕೆರೆ ಕಾಗದದ ಮೇಲೆ ಎಲ್ಲರಿಗೂ ತೆರೆದಿತ್ತು. 1927ರ ಮಾರ್ಚ್‌ನಲ್ಲಿ ಬಾಬಾಸಾಹೇಬರು ತಮ್ಮ ಜನರೊಡನೆ ಹೋಗಿ ಅದರ ನೀರು ಕುಡಿದಾಗ ಸವರ್ಣೀಯರು ಕೆರೆಯನ್ನೇ ಶುದ್ಧಿ ಮಾಡಿಸಿದರು. ಅಪಾರ್ಟ್‌ಮೆಂಟಿನಲ್ಲೂ 'ಎಲ್ಲರು' ಅಂದರೆ ಒಡೆಯರು. ಮೆಟ್ಟಿಲನ್ನು ದಿನಾ ಮುಟ್ಟುವ ಹೆಂಗಸಿಗೆ ಅದರ ಮೇಲೆ ಓಟಿಲ್ಲ. ಆರು ತಿಂಗಳಿಗೊಮ್ಮೆ ಬಂದು ಹೋಗುವ ಒಡೆಯನಿಗೆ ಇದೆ.

ನಮ್ಮ ಜೊತೆ ಹಾಸ್ಟೆಲಿನಲ್ಲಿದ್ದ ಗೆಳೆಯನೊಬ್ಬ ಇಂಥ ಕಡೆ ಮ್ಯಾನೇಜರ್. ಒಂದು ದಿನ ಕಮಿಟಿಯವರು ಹೇಳಿದರು, ಅವನು ಟೈಪು ಮಾಡಿ ಅಂಟಿಸಿದ: 'ಮನೆಗೆಲಸದವರು, ಹೌಸ್‌ಕೀಪಿಂಗ್‌ನವರು ಸರ್ವಿಸ್ ಲಿಫ್ಟನ್ನೇ ಬಳಸತಕ್ಕದ್ದು.' ಆ ಲಿಫ್ಟು ವಾರಕ್ಕೆ ಎರಡು ಸಲ ಕೆಡುತ್ತದೆ. ಮಂಡಿನೋವಿನ ಹೆಂಗಸೊಬ್ಬಳು ಒಂಬತ್ತನೇ ಮಹಡಿಗೆ ಹತ್ತಿ ಬಂದು, "ಇದ ನೀನೇ ಬರ್ದಿದ್ದೇನಪ್ಪಾ?" ಎಂದು ಕೇಳಿದಳಂತೆ. "ನಾನಲ್ಲಕ್ಕಾ, ಕಮಿಟಿಯೋರು," ಅಂದನಂತೆ ಇವನು. "ಕೆಳಗೆ ನಿನ್ ರುಜು ಐತಂತಲ್ಲ," ಅಂದಳಂತೆ ಅವಳು.

ಆ ನೋಟೀಸಿನಲ್ಲಿ ಎಲ್ಲೂ ಜಾತಿಯ ಹೆಸರಿಲ್ಲ ಎಂಬುದನ್ನು ಗಮನಿಸಬೇಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 'ಹೊಲೆಯರು ಮಾದಿಗರು ಹತ್ತಬಾರದು' ಎಂದು ಬರೆದರೆ ಪೊಲೀಸರು ಬರಬೇಕಾಗುತ್ತದೆ. 'ಕೆಲಸದವರು' ಎಂದು ಬರೆದರೆ ಯಾರೂ ಬರುವುದಿಲ್ಲ. ಯಾವ ಕೆಲಸ ಯಾವ ಜಾತಿಯ ಕೊರಳಿಗೆ ಬಿದ್ದಿದೆ ಅನ್ನುವುದು ಬರೆದವನಿಗೂ ಗೊತ್ತು, ಓದಿದವನಿಗೂ ಗೊತ್ತು. ಕೇಳಿದರೆ ಸ್ವಚ್ಛತೆ ಅನ್ನುತ್ತಾರೆ, ಸೆಕ್ಯುರಿಟಿ ಅನ್ನುತ್ತಾರೆ. ಮಡಿ ಅನ್ನುವ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ.

ಹಾಗಾದರೆ ರುಜು ಹಾಕಿದವನ ಹೊಣೆ ಎಷ್ಟು? 'ನಾನು ಸಂಬಳಕ್ಕಿರುವವನು, ಹೇಳಿದ್ದನ್ನು ಮಾಡುತ್ತೇನೆ' ಎಂಬುದು ಅವನ ಮಾತು. ಇದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಅವನು ಹಳೆಯ ಶಾನುಭೋಗನಲ್ಲ, ಪಟೇಲನಲ್ಲ. ಅವರಿಗೆ ವಂಶದ ಹಕ್ಕಿತ್ತು, ಜಮೀನಿತ್ತು. ಆ ವಂಶಪಾರಂಪರ್ಯದ ಹುದ್ದೆಗಳನ್ನು 1961ರ ಕಾಯ್ದೆಯಿಂದ ರದ್ದು ಮಾಡಬೇಕಾಯಿತು. ಇವನನ್ನು ಕಿತ್ತುಹಾಕಲು ಒಂದು ಫೋನು ಸಾಕು. ಊರಿನಲ್ಲಿ ಸಾಲ ಇದೆ, ತಂಗಿಯ ಓದು ಇದೆ. ನೆಲಮಾಳಿಗೆಯಲ್ಲಿ ಕೂತವನನ್ನು ಹನ್ನೆರಡನೇ ಮಹಡಿಯ ಪಾಪಕ್ಕೆ ಹೊಣೆ ಮಾಡಿ ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಆದರೂ ಒಂದು ಮಾತು ಉಳಿಯುತ್ತದೆ. ಗುಡಿಸುವವಳು ಕಮಿಟಿಯನ್ನು ಕಂಡವಳಲ್ಲ. ಅವಳ ಪಾಲಿಗೆ ಕಟ್ಟಡದ ಮುಖ ಅಂದರೆ ಇವನ ಮುಖ. ಕೋಲು ಎರವಲಿನದಾದರೂ ಪೆಟ್ಟು ಎರವಲಿನದಲ್ಲ.

ಗುಂಡಿಯ ಬಳಿ ನಿಂತರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ದೊಡ್ಡ ಕಟ್ಟಡಗಳಲ್ಲಿ ಕೊಳಚೆ ನೀರನ್ನು ಶುದ್ಧಿ ಮಾಡುವ ಘಟಕವಿರುತ್ತದೆ. ಎಸ್.ಟಿ.ಪಿ. ಅನ್ನುತ್ತಾರೆ. ಅದು ಕಟ್ಟಿಕೊಂಡಾಗ ಮ್ಯಾನೇಜರನಿಗೆ ಫೋನು ಬರುತ್ತದೆ: 'ಯಾರನ್ನಾದರೂ ಇಳಿಸಿ ನೋಡಿಸಪ್ಪ.' ಒಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ತುಂಬಿರುತ್ತದೆ. ಅದು ಹೆಚ್ಚಾದರೆ ಮೂಗಿನ ವಾಸನೆಯ ಶಕ್ತಿಯನ್ನೇ ಮೊದಲು ಕೊಲ್ಲುತ್ತದೆ, ಅಪಾಯ ತಿಳಿಯುವುದೇ ಇಲ್ಲ. ಇಳಿದವನು ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. 2018ರ ಜನವರಿಯಲ್ಲಿ ಬೆಂಗಳೂರಿನ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರಲ್ಲಿ ಹೀಗೆ ಮೂವರು ಸತ್ತರು.

2013ರ ಕಾಯ್ದೆಯ 7ನೇ ಕಲಮು, ರಕ್ಷಣೆಯ ಸಲಕರಣೆಯಿಲ್ಲದೆ ಒಳಚರಂಡಿಯನ್ನಾಗಲಿ ಮಲದ ಗುಂಡಿಯನ್ನಾಗಲಿ ಮನುಷ್ಯನಿಂದ ಸ್ವಚ್ಛ ಮಾಡಿಸುವುದನ್ನು ನಿಷೇಧಿಸಿದೆ. ನೇರವಾಗಿ ಮಾಡಿಸಿದರೂ ತಪ್ಪೇ, ಇನ್ನೊಬ್ಬರ ಮೂಲಕ ಮಾಡಿಸಿದರೂ ತಪ್ಪೇ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೆ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯ ಸಾವಿಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಇಲ್ಲಿ ಕಾನೂನು ಒಂದು ನೈತಿಕ ಸತ್ಯವನ್ನು ಒಪ್ಪಿದೆ: ಮೇಲಿನವರು ಹೇಳಿದರು ಎಂಬುದು ಉತ್ತರವಲ್ಲ. ಹೇಳಿದವನೂ ಹೊಣೆ, ಹೇಳಿದ್ದನ್ನು ದಾಟಿಸಿದವನೂ ಹೊಣೆ.

ಮ್ಯಾನೇಜರ್ ಒಡೆಯರ ಆಳು ಎಂದು ಕಮಿಟಿ ತಿಳಿದಿದೆ. ನಾವು ಹಾಗೆ ತಿಳಿದಿಲ್ಲ. ಅವನು ಕಾಯಬೇಕಾದ್ದು ಎಲ್ಲರದಾದುದನ್ನು. ಗುಡಿಸುವವರು, ಕಾಯುವವರು, ಪಂಪು ನಡೆಸುವವರು ಒಂದು ವಾರ ಕೈಕಟ್ಟಿ ಕೂತರೆ ಆ ಕಟ್ಟಡ ನಾರುತ್ತದೆ. ಎಲ್ಲರದಾದುದನ್ನು ದಿನಾ ಉಳಿಸುತ್ತಿರುವವರು ಅವರೇ. ಅವರನ್ನು ಬಿಟ್ಟು ಎಲ್ಲರದನ್ನು ಕಾಯುತ್ತೇನೆ ಅನ್ನುವುದು ಸುಳ್ಳು ಲೆಕ್ಕ. ಅವರಿಗೆ ಕೂರಲು ಕುರ್ಚಿ ಇದೆಯೇ, ಕಕ್ಕಸು ಇದೆಯೇ, ಏಜೆನ್ಸಿಯವನು ಪೂರ್ತಿ ಕೂಲಿ ಕೊಟ್ಟನೇ ಎಂದು ನೋಡುವುದು ದಯೆಯಲ್ಲ. ಅದು ಅವನ ಕೆಲಸ.

ನಮ್ಮ ಗೆಳೆಯ ಹುತಾತ್ಮನಾಗಲಿ ಎಂದು ನಾವು ಹೇಳುತ್ತಿಲ್ಲ. ಒಬ್ಬನೇ ಇಲ್ಲ ಅಂದರೆ ನಾಳೆ ಆ ಕುರ್ಚಿಯಲ್ಲಿ ಇನ್ನೊಬ್ಬ ಕೂತಿರುತ್ತಾನೆ, ಅವನೂ ನಮ್ಮವನೇ ಆಗಿರಬಹುದು. ಆದ್ದರಿಂದ ಈ ಮ್ಯಾನೇಜರುಗಳು ಗುಡಿಸುವವರ ಜೊತೆ, ಕಾಯುವವರ ಜೊತೆ ಒಂದೇ ಸಂಘದಲ್ಲಿ ಕೂರಬೇಕು. ಹಳ್ಳಿಯ ಮೇಷ್ಟರುಗಳು, ವಿದ್ಯಾರ್ಥಿ ಗೆಳೆಯರು ಈ ಕಾಯ್ದೆಯ ಕಲಮನ್ನು ಕನ್ನಡದಲ್ಲಿ ಬರೆದು ಅವರ ಕೈಗೆ ಮುಟ್ಟಿಸಬೇಕು. ಶಹರಕ್ಕೆ ಹೋದ ನಮ್ಮ ಜನ ಓದಿಯೋ ಓದಿಸಿ ಕೇಳಿಯೋ ತಿಳಿಯಲಿ.

ಕಳೆದ ಮಳೆಗಾಲ ಗೆಳೆಯನಿಗೂ ಆ ಫೋನು ಬಂತು. ಅವನ ಕೈ ನಡುಗುತ್ತಿತ್ತಂತೆ. "ಇಳಿಸ್ತೀನಿ ಸಾರ್, ಒಂದು ಕಾಗದದಲ್ಲಿ ಬರೆದು ರುಜು ಹಾಕಿ ಕೊಡಿ," ಅಂದ. ಯಾರೂ ಬರೆದು ಕೊಡಲಿಲ್ಲ. ಸಂಜೆಗೆ ಹೀರುವ ಯಂತ್ರದ ಗಾಡಿ ಬಂತು. ಯಾರೂ ಇಳಿಯಲಿಲ್ಲ, ಯಾರೂ ಸಾಯಲಿಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಆಗಲಿಲ್ಲ.

ಲಿಫ್ಟಿನ ನೋಟೀಸು ಮಾತ್ರ ಇನ್ನೂ ಅಲ್ಲೇ ಇದೆ, ಕೆಳಗೆ ಅವನ ರುಜುವಿನೊಂದಿಗೆ. ಅದರ ಬಗ್ಗೆ ಏನು ಮಾಡ್ತೀಯ ಅಂತ ನಾವು ಅವನನ್ನು ಕೇಳಿದ್ದೇವೆ. ನೀವೂ ಕೇಳಿ.