ಕದ್ದವನಿಗೆ ಹೊಣೆಯಾಗಬಹುದೋ?

ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಬಳಿಯಲ್ಲಿ ಹಿಂದೆ ಕೋಡಿಯಮಠವೆಂಬದೊಂದಿತ್ತು. ಅಲ್ಲಿ ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನ ದೊರೆಯುತ್ತಿತ್ತೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧವಿತ್ತೆಂದೂ, ಸಕಲ ಪ್ರಾಣಿಗಳಿಗೂ ಅಭಯವಿತ್ತೆಂದೂ 1162ನೆಯ ಇಸವಿಯ ಶಿಲಾಶಾಸನವು ತಿಳಿಸುತ್ತದೆ. ಹಸಿದವನಿಗೆ ಅನ್ನವಿಕ್ಕುವದರಲ್ಲಿ ಯಾರಿಗೂ ಸಂದೇಹ ಹುಟ್ಟದು. ಆದರೆ ಕದ್ದು ಸೆರೆಗೆ ಹೋದವನಿಗೆ ಅಭಯವೆಂದರೇನು? ಈ ಪ್ರಶ್ನೆಯು ಹೋದ ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಸೀಮೆಯ ಒಂದು ಚಿಕ್ಕ ಸಭೆಯ ಬಾಗಿಲಿಗೇ ಬಂತು.

ಆ ಸಭೆಗೆ ಸೇರಿದ ಒಬ್ಬ ವಿಧವೆಯ ಮಗನು, ಊರ ಗೌಡರೊಬ್ಬರ ಅಂಗಳದಲ್ಲಿ ಒಣಗಿಸಿ ಇಟ್ಟಿದ್ದ ಕೆಂಪಡಿಕೆಯ ಒಂದು ಮೂಟೆಯನ್ನು ಇರುಳಲ್ಲಿ ಹೊತ್ತುಕೊಂಡು ಹೋಗಿ ಮಾರಿದನು. ಸಿಕ್ಕಿಬೀಳುವಷ್ಟರಲ್ಲಿ ಹಣವು ಕರಗಿಹೋಗಿತ್ತು. ಒಂದು ಮೂಟೆ ಅಡಿಕೆಯ ಬೆಲೆ ಕೂಲಿಯವನ ಎಷ್ಟೋ ವಾರಗಳ ದುಡಿತಕ್ಕೆ ಸಮವೆಂದು ನಿಮಗೆ ಹೇಳಬೇಕಾಗಿಲ್ಲ. ಅವನಿಗೆ ಹದಿನೆಂಟು ವರುಷ ತುಂಬಿ ಮೂರು ತಿಂಗಳಾಗಿತ್ತು. ಆ ಮೂರು ತಿಂಗಳೇ ಅವನ ಪಾಲಿಗೆ ದೊಡ್ಡ ಗೋಡೆಯಾಯಿತು. ಯಾಕಂದರೆ 2015ರ ಬಾಲನ್ಯಾಯ ಕಾಯಿದೆಯ ಮೇರೆಗೆ ಹದಿನೆಂಟು ತುಂಬದ ಹುಡುಗನನ್ನು ಪೊಲೀಸು ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡಕೂಡದು; ಅವನ ವಿಚಾರಣೆಗೆ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಸೇವಕರೂ ಕೂಡಿದ ಮಂಡಳಿಯುಂಟು; ಹೊಣೆಗಾರನು ಇಲ್ಲದಿದ್ದರೂ ಅವನನ್ನು ಬಿಡಬಹುದು. ಅವನ ಹೆಸರನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕುವದೂ ಅಪರಾಧವೇ. (ನಮ್ಮ ಪ್ರಾರ್ಥನಾಕೂಟಗಳಲ್ಲಿ ಮಾತ್ರ, ದೇವರಿಗೆ ತಿಳಿಯದೇನೋ ಎಂಬಂತೆ, ಹೆಸರು ಹಿಡಿದು ಅವನ ಪಾಪವನ್ನು ಎಲ್ಲರ ಮುಂದೆ ಅರಿಕೆಮಾಡುವವರಿದ್ದಾರೆ.) ಹದಿನೆಂಟು ದಾಟಿದವನಿಗೆ ಈ ಮರೆಯಿಲ್ಲ. ಅವನು ಶಿವಮೊಗ್ಗೆಯ ಸೆರೆಮನೆಗೆ ಹೋದನು. ನ್ಯಾಯಾಧಿಪತಿಗಳು ಜಾಮೀನು ಕೊಟ್ಟರು. ಆದರೆ ಪಹಣಿ ಹಿಡಿದು ಹೊಣೆ ನಿಲ್ಲುವವರು ಬೇಕಾಗಿತ್ತು, ಯಾರೂ ಬರಲಿಲ್ಲ. ಆದದರಿಂದ ಬಿಡುಗಡೆಯ ಅಪ್ಪಣೆಯಿದ್ದೂ ಅವನು ಒಳಗೇ ಉಳಿದನು.

ನಾನು ಹಿರಿಯರನ್ನು ಕೂಡಿಸಿ ಕೇಳಿಕೊಂಡೆನು. ಅವರಲ್ಲೊಬ್ಬರು ಜ್ಞಾನೋಕ್ತಿಗಳ ಆರನೆಯ ಅಧ್ಯಾಯವನ್ನು ತೆರೆದರು. ಅಲ್ಲಿ ಸೊಲೊಮೋನನು ಪರರಿಗೆ ಹೊಣೆಯಾದವನ ಗತಿಯನ್ನು ಬಲೆಗೆ ಸಿಕ್ಕಿದ ಪ್ರಾಣಿಯ ಗತಿಗೆ ಹೋಲಿಸಿದ್ದಾನೆ. “ಉಪದೇಶಿಗಳೇ, ವಾಕ್ಯವೇ ಬೇಡವೆನ್ನುವಾಗ ನೀವು ಬೇಕೆನ್ನುವದು ಹೇಗೆ?” ಅಂದರು. ಉತ್ತರ ಕೊಡಲಾರದೆ ಮನೆಗೆ ಬಂದೆನು. ನಾಚಿಕೆಯ ಇನ್ನೊಂದು ಸಂಗತಿಯೂ ಇತ್ತು: ನನ್ನ ಹೆಸರಿನಲ್ಲಿ ಒಂದು ಗುಂಟೆ ಭೂಮಿಯೂ ಇಲ್ಲ. ಪರರ ಗದ್ದೆಯ ಮೇಲೆ ದಯೆ ತೋರಿಸಲು ಹೊರಟ ಉಪದೇಶಿಯು ನಾನು.

ಗೌಡರ ಮನೆಗೂ ಹೋಗಿ ಕ್ಷಮೆಯ ವಿಷಯವಾಗಿ ಮಾತಾಡಿದೆನು. ಅವರು ಎಲೆಯಡಿಕೆಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿ, “ಹೋದದ್ದು ನಿಮ್ಮ ಮನೇ ಅಡಿಕೆ ಅಲ್ಲವಲ್ಲ, ಅಯ್ನೋರೇ,” ಅಂದರು. ಅವರ ಮಾತು ನ್ಯಾಯವಾದದ್ದು. ಏನೂ ಕಳಕೊಳ್ಳದವನು ಕಳಕೊಂಡವನಿಗೆ ಕ್ಷಮೆಯನ್ನು ಬೋಧಿಸುವದು ಅಗ್ಗದ ಕೆಲಸ. ಪೌಲನು ಹಾಗೆ ಮಾಡಲಿಲ್ಲ. ತಾನೇ ಸೆರೆಯಲ್ಲಿದ್ದುಕೊಂಡು ಓಡಿಹೋದ ದಾಸನಾದ ಒನೇಸಿಮನನ್ನು ಫಿಲೆಮೋನನ ಬಳಿಗೆ ಕಳುಹಿಸುವಾಗ, ನಷ್ಟವೇನಾದರೂ ಆಗಿದ್ದರೆ ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕೆಂದು ಸ್ವಂತ ಕೈಯಿಂದ ಬರೆದನು. ನಷ್ಟವಾಗಲಿಲ್ಲವೆಂದು ಅವನು ಸಾಧಿಸಲಿಲ್ಲ. ಅದನ್ನು ಮರೆತುಬಿಡೆಂದೂ ಹೇಳಲಿಲ್ಲ. ಯೆಹೂದನೂ ಬೆನ್ಯಾಮೀನನಿಗೆ ಹೊಣೆಯಾದನು; ಒಬ್ಬ ತಮ್ಮನನ್ನು ಹಿಂದೆ ಮಾರಿದವನೇ ಅವನು. ನಮ್ಮ ಕರ್ತನನ್ನೇ ಇಬ್ರಿಯರ ಪತ್ರಿಕೆಯು ಹೊಣೆಗಾರನೆಂದು ಕರೆಯುತ್ತದೆ. ಹಾಗಾದರೆ ಸೊಲೊಮೋನನು ತಪ್ಪಿದನೋ? ಇಲ್ಲ. ಅವನು ಬೇಡವೆಂದದ್ದು ಮುಖ ಅರಿಯದೆ, ವಿಚಾರಿಸದೆ ಕೈಮೇಲೆ ಕೈ ಹಾಕುವದನ್ನೆಂದು ನನಗೆ ತೋರುತ್ತದೆ.

ಅಮೇರಿಕದ ಬೋಸ್ಟನ್ ಪಟ್ಟಣದಲ್ಲಿ ಜಾನ್ ಅಗಸ್ಟಸನೆಂಬ ಮೋಚಿಯಿದ್ದನು. ಅವನು 1841ರಲ್ಲಿ ನ್ಯಾಯಸ್ಥಾನದಲ್ಲಿ ಒಬ್ಬ ಕುಡುಕನನ್ನು ಕಂಡು ಹೊಣೆಯಾಗಿ ಬಿಡಿಸಿಕೊಂಡನು. 1859ರಲ್ಲಿ ಸಾಯುವದರೊಳಗೆ ಹೀಗೆ 1,900ಕ್ಕಿಂತ ಹೆಚ್ಚು ಜನರಿಗೆ ಹೊಣೆಯಾದನು. ಹುಡುಗರೂ ಹುಡುಗಿಯರೂ ಅವರಲ್ಲಿ ಅನೇಕರಿದ್ದರು. ಅವನು ಕಂಡಕಂಡವರನ್ನೆಲ್ಲಾ ತೆಗೆದುಕೊಳ್ಳಲಿಲ್ಲ. ಮೊದಲ ಸಾರಿ ತಪ್ಪಿದವನೋ, ಎಂಥವರ ನಡುವೆ ಬೆಳೆದನೆಂದು ವಿಚಾರಿಸಿ, ಆಮೇಲೆ ಕೆಲಸವನ್ನೂ ವಸತಿಯನ್ನೂ ಹುಡುಕಿಕೊಟ್ಟನು. ನಮ್ಮ ದೇಶದ 1958ರ ಪ್ರೊಬೇಷನ್ ಕಾಯಿದೆಯ ಮೂಲವು ಆ ಮೋಚಿಯ ಅಂಗಡಿಯಲ್ಲಿದೆಯೆಂದರೆ ಸಲ್ಲುತ್ತದೆ. ಸೆರೆಮನೆಗೆ ಹೋಗಿ ಹಣ್ಣು ಹಂಚಿ ಹಾಡು ಹಾಡಿ ಬರುವದು ಒಳ್ಳೇದೇ. ಆದರೆ ಅವನ ಹಾಗೆ ವಿಚಾರಿಸಿ ಹುಡುಗನನ್ನು ಅರಿತುಕೊಳ್ಳಬೇಕಾದರೆ ಮರಳಿ ಮರಳಿ ಹೋಗಬೇಕು.

ಇದನ್ನೆಲ್ಲಾ ಹಿರಿಯರ ಮುಂದಿಟ್ಟೆನು. ಒಂದೇ ಎಕರೆ ಗದ್ದೆಯಿರುವ ಮುದುಕರೊಬ್ಬರು ಏನೂ ಅನ್ನದೆ ಮರುವಾರ ನನ್ನ ಸಂಗಡ ಬಸ್ಸು ಹತ್ತಿದರು. ಮೊದಲ ಸಾರಿ ಹುಡುಗನು ಬಾಯಿ ಬಿಡಲಿಲ್ಲ. ಎರಡನೆಯ ಸಾರಿ, ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟದಿಂದ ಸಾಲವಾಗಿತ್ತೆಂದೂ, ಒಳಗೆ ಹಳೆಯ ಕಳ್ಳರು ತನಗೆ ಹೊಸ ವಿದ್ಯೆ ಕಲಿಸುತ್ತಾರೆಂದೂ ಹೇಳಿದನು. ಮುದುಕರು, “ಕೋರ್ಟಿಗೆ ಕರೆದ ದಿನ ಬರ್ತೀಯೋ, ನನ್ನ ಗದ್ದೆ ಕಳೀತೀಯೋ?” ಎಂದು ಕೇಳಿದರು. “ಬರ್ತೀನಿ ಅಜ್ಜ,” ಅಂದನು. ಹೊಣೆಗಾರನು ಹೊರುವದೂ ಇಷ್ಟನ್ನೇ: ಇವನು ನಿರಪರಾಧಿಯೆಂದಲ್ಲ, ಕರೆದಾಗ ಬರುವನೆಂದು. ಬಾರದೆ ಹೋದರೆ ಹಣ ತೆರಬೇಕು. ಮುದುಕರು ಪಹಣಿ ತಂದು ರುಜು ಹಾಕಿದರು.

ಮೊಕದ್ದಮೆಯು ಇನ್ನೂ ತೀರಿಲ್ಲ. ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಹೋಗುತ್ತಾರೆ. ಗೌಡರು ಇಂದಿಗೂ ಹುಡುಗನ ಮುಖ ನೋಡುವದಿಲ್ಲ. ನೋಡಿರೆಂದು ನಾನೂ ಹೇಳುವದನ್ನು ಬಿಟ್ಟಿದ್ದೇನೆ. ಹುಡುಗನು ವಾರದ ಕೂಲಿಯಲ್ಲಿ ಒಂದು ಪಾಲನ್ನು ಮುದುಕರ ಕೈಯಲ್ಲಿ ಕೊಡುತ್ತಾನೆ. ಅವರು ಅದನ್ನು ಗೌಡರ ಜಗಲಿಯ ಮೇಲಿಟ್ಟು ಬರುತ್ತಾರೆ. ಮೂಟೆಯ ಬೆಲೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ.